ಭೀಮನ ಪಾರ್ಟಿನವರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಯಾವ ಊರಿಗಾದರೂ ಹೋಗಿ, ಭೀಮನ ಪಾರ್ಟಿನವರು ಒಬ್ಬರು ಇದ್ದೇ ಇರುತ್ತಾರೆ. ಹುಡುಕುವ ಕಷ್ಟವಿಲ್ಲ. ಮಿರ್ಚಿ-ಮಂಡಕ್ಕಿ ಅಂಗಡಿಯ ಬೆಂಚಿನಲ್ಲಿ ಮೂವರ ಜಾಗ ಹಿಡಿದು ಒಬ್ಬರೇ ಕೂತಿರುವವರು ಅವರೇ. ಮೈಯಲ್ಲಿ ನೋಡಿದರೆ ಒಂದು ಚೀಲ ಜೋಳದ ತೂಕವಿಲ್ಲ. ಕೂತ ಗತ್ತಿನಲ್ಲಿ ಮಾತ್ರ ಬೆಂಚು ಕಿರುಗುಟ್ಟುತ್ತದೆ. ಬಲ ಹೆಗಲಿನ ಟವೆಲ್ಲು ಬೆವರೊರೆಸಲಿಕ್ಕಲ್ಲ, ಗದೆ ಕೂರುವ ಹೆಗಲು ಬರಿದಾಗಿರಬಾರದೆಂದು. ಅರ್ಧ ಚಹಾ ಹೇಳಿದರೂ ಬಯಲಿನ ಕೊನೆಯಲ್ಲಿ ಕಂಬಳಿ ಹೊದ್ದು ಕೂತವನಿಗೆ ಕೇಳಿಸಬೇಕು. ಊರಲ್ಲಿ ಆಟವಾಗಿ ನಾಲ್ಕು ವರ್ಷ ಕಳೆದಿದ್ದರೂ ಜನಕ್ಕೆ ಇವರು ಭೀಮಣ್ಣ. ಅಸಲು ಹೆಸರು ಬೇಕಾಗುವುದು ಪಡಿತರ ಅಂಗಡಿಯಲ್ಲಿ ಮಾತ್ರ. ಮನೆಯಲ್ಲಿ ‘ಏನ್ರೀ, ಜೋಳ ಬೀಸಿಸ್ಕೊಂಡು ಬರ್ತೀರೋ, ಇಲ್ಲ ನಾನೇ ಹೋಗ್ಲೋ’ ಎಂದು ಹೆಂಡತಿ ಕೇಳಿದರೆ, ಬಕಾಸುರನನ್ನು ಕೊಂದವರು ತುಟಿಪಿಟಿಕ್ಕೆನ್ನದೆ ಡಬ್ಬಿ ಎತ್ತಿಕೊಂಡು ಹಿಟ್ಟಿನ ಗಿರಣಿಯ ಕಡೆ ನಡೆಯುತ್ತಾರೆ.

ಇದನ್ನು ಕಂಡು ಊರು ನಗುತ್ತದೆ: ಬಣ್ಣ ತೊಳೆದರೆ ಭೀಮನೆಲ್ಲಿ? ಈ ನಗೆಗೆ ಬುಡವಿಲ್ಲವೆಂಬುದು ನನ್ನ ವಾದ. ಹೊಡೆದಾಡುವುದೇ ವೀರನ ಕಸುಬು ಎಂದುಕೊಂಡವರಷ್ಟೇ ಹಾಗೆ ನಕ್ಕಾರು. ನಮ್ಮ ಸೀಮೆಯಲ್ಲಿ ವೀರನನ್ನು ಯಾವ ಕಾಲದಲ್ಲೂ ಹಾಗೆ ರೂಪಿಸಿಲ್ಲ. ಊರ ಮುಂದೆ ಅರ್ಧ ಹೂತು ನಿಂತ ಯಾವುದಾದರೂ ಮೂರು ಹಂತದ ವೀರಗಲ್ಲನ್ನು ಕೆಳಗಿನಿಂದ ನೋಡುತ್ತಾ ಬನ್ನಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಕತ್ತಿ, ಕೆಲವೆಡೆ ತುರುಗಳು. ನಡುವಿನದರಲ್ಲಿ ಅಪ್ಸರೆಯರು ಆಚೀಚೆ ನಿಂತು ಅವನನ್ನು ಮೇಲಕ್ಕೊಯ್ಯುತ್ತಾರೆ. ಮೇಲಿನದರಲ್ಲಿ ಶಿವಲಿಂಗದ ಮುಂದೆ ಅವನು ಆರಾಮಾಗಿ ಕೂತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಲೆಕ್ಕ ಹಾಕಿ: ಹೊಡೆದಾಟಕ್ಕೆ ಒಂದು ಪಾಲು, ಮೆರೆದಾಟಕ್ಕೆ ಎರಡು ಪಾಲು. ಶಿಲ್ಪಿಗೆ ಜಾಗ ಉಳಿದು ತುಂಬಿಸಿದ್ದಲ್ಲ ಅದು. ಆ ಮೇಲಿನ ಎರಡು ಪಾಲಿಗಾಗಿಯೇ ಕಲ್ಲು ನಿಲ್ಲಿಸಿದ್ದು. ಬರಿಯ ಹೊಡೆದಾಟವನ್ನು ಕಲ್ಲಲ್ಲಿ ಕೊರೆಯುವುದಾದರೆ ಪ್ರತಿ ಸಂತೆಗೂ ಒಂದೊಂದು ಕಲ್ಲು ಬೇಕಾಗುತ್ತಿತ್ತು.

ಬಯಲಾಟ, ಅಂದರೆ ದೊಡ್ಡಾಟ, ಇದೇ ಲೆಕ್ಕವನ್ನು ಇನ್ನೂ ಧಾರಾಳವಾಗಿ ಪಾಲಿಸಿತು. ವೀರನನ್ನು ಕಟ್ಟುವ ಕೆಲಸ ಬಣ್ಣದ ಚೌಕಿಯಲ್ಲಿ ಸಂಜೆಗೇ ಶುರು. ಕಿರೀಟ, ಭುಜಕೀರ್ತಿ, ಎದೆಕಟ್ಟು, ಕಾಲಿಗೆ ಗೆಜ್ಜೆ. ಕಟ್ಟಿ ಮುಗಿಯುವಷ್ಟರಲ್ಲಿ ಒಳಗಿನ ಮನುಷ್ಯ ತಿರುಗಬೇಕಾದರೆ ಇಡೀ ಮೈ ತಿರುಗಿಸಬೇಕು. ಹೊಡೆದಾಟಕ್ಕೆ ಇದಕ್ಕಿಂತ ಅನುಕೂಲವಲ್ಲದ ಉಡುಪು ಇನ್ನೊಂದಿಲ್ಲ. ಆಮೇಲೆ ಪ್ರವೇಶ. ಪರದೆಯ ಹಿಂದಿನಿಂದ ಅಬ್ಬರ, ಮದ್ದಳೆಯ ಗತ್ತು, ಅಟ್ಟದ ಹಲಗೆ ಅದುರುವಂತೆ ಕುಣಿತ. ಯಾವ ಊರಿನ ಯಾವ ಭೀಮ ಎಷ್ಟು ಹಲಗೆ ಮುರಿದ ಎಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಎಷ್ಟು ಕೌರವರನ್ನು ಕೊಂದ ಎಂದು ಯಾರೂ ಕೇಳಿದ್ದಿಲ್ಲ, ಅದು ಎಲ್ಲರದೂ ಒಂದೇ ಲೆಕ್ಕ. ಅಷ್ಟಾದ ಮೇಲೆ ಸಾರಥಿ ಬಂದು, ತಾವು ಯಾರು, ಯಾವ ಪಟ್ಟಣ, ತಂದೆತಾಯಿ ಯಾರು ಎಂದು ವಿಚಾರಿಸುತ್ತಾನೆ. ತಿಂಗಳುಗಟ್ಟಲೆ ತನ್ನ ಜೊತೆಗೇ ತಾಲೀಮು ಮಾಡಿದ, ಪಕ್ಕದ ಮನೆಯ ಸಾರಥಿಗೆ ವೀರ ತನ್ನ ಕುಲಗೋತ್ರವನ್ನೆಲ್ಲ ಪದ, ಮಾತು, ಕುಣಿತಗಳಲ್ಲಿ ಸಾವಕಾಶವಾಗಿ ಬಿಡಿಸಿ ಹೇಳುತ್ತಾನೆ. ಹೀಗೆ ಒಂದು ತಾಸು ಜಾರುತ್ತದೆ. ಕೊನೆಗೆ ಬೆಳಗಿನ ಜಾವದಲ್ಲಿ ನಡೆಯುವ ಯುದ್ಧವೆಂದರೆ ಇಬ್ಬರು ವೀರರು ಅಟ್ಟದ ಮೇಲೆ ನಾಲ್ಕು ಸುತ್ತು ಸುತ್ತಿ ಗದೆಗೆ ಗದೆ ತಾಗಿಸುವುದು, ಅಷ್ಟೆ. ಅಷ್ಟು ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಚಾಪೆಯ ಮೇಲೆ ಮಲಗಿರುತ್ತಾರೆ, ಅವರನ್ನು ಎಬ್ಬಿಸಬೇಕೆಂದು ಯಾರಿಗೂ ಅನಿಸುವುದಿಲ್ಲ.

ಇದು ಹಳ್ಳಿಯವರ ಸೋಮಾರಿತನ ಎನ್ನುವವರು ಹೊರದೇಶದ ಒಂದು ಆಟದ ಕಥೆ ಕೇಳಬೇಕು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ದಾಳದ ಆಟ ಹೊರತಂದರು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುವುದು. ಕಥೆ ನಡೆಸಲು ಒಬ್ಬ, ನಮ್ಮ ಬಯಲಾಟದ ಭಾಗವತನ ಹಾಗೆ. ಮೊದಲಿದ್ದ ಪಾತ್ರದ ಬಗೆಗಳು ಮೂರೇ: ವೀರ, ಮಾಂತ್ರಿಕ, ಪೂಜಾರಿ. ಆ ಕಾಲದ ನಿಯಮದಲ್ಲಿ ವೀರ ಒಂಬತ್ತನೆಯ ಮೆಟ್ಟಿಲಿಗೆ ಏರಿದರೆ ಅವನಿಗೆ ದೊರೆ ಎಂಬ ಬಿರುದು. ಕೋಟೆ ಕಟ್ಟಿ ಪಾಳೆಯಗಾರನಾಗಬಹುದಿತ್ತು, ಮುಂದೆ ಬಂದ ನಿಯಮಗಳಲ್ಲಿ ದಂಡೂ ಬಂದು ಸೇರಿಕೊಳ್ಳುತ್ತಿತ್ತು. ಅಂದರೆ ವೀರಗಲ್ಲಿನ ಮೇಲಿನ ಪಟ್ಟಿಕೆಗಳು ಅಲ್ಲಿಯೂ ಇದ್ದವು. 1989ರ ಎರಡನೆಯ ಆವೃತ್ತಿಯವರೆಗೂ ದಂಡು ಉಳಿಯಿತು. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ವೀರನ ಹುಟ್ಟುಹಕ್ಕಾಗಿದ್ದ ಆ ದಂಡನ್ನು ಕಿತ್ತು, ಬೇಕಾದವರು ಯಾರಾದರೂ ಆರಿಸಿಕೊಳ್ಳಬಹುದಾದ ವರಸೆಯೊಂದಕ್ಕೆ ಇಳಿಸಿದರು. ಬದಲಿಗೆ ವೀರನಿಗೆ ಹೊಡೆತದ ಪಟ್ಟುಗಳನ್ನು ರಾಶಿ ರಾಶಿ ಕೊಟ್ಟರು. ಆಗ ವೀರ ಸಪ್ಪೆಯಾದ ಎಂಬ ದೂರು ಜೋರಾಯಿತು: ಮಾಂತ್ರಿಕ ಆಕಾಶಕ್ಕೆ ಹಾರುತ್ತಾನೆ, ಇವನು ಕೆಳಗೆ ನಿಂತು ಕತ್ತಿ ಬೀಸುತ್ತಾನೆ. 2008ರಲ್ಲಿ ವೀರನಿಗೂ ಮಾಂತ್ರಿಕನಂತೆ ಬಗೆಬಗೆಯ ಶಕ್ತಿಗಳನ್ನು ಹಂಚಿದರು. ಎಲ್ಲರೂ ಒಂದೇ ಥರ ಆದರೆಂದು ಆಟಗಾರರು ಮುನಿದರು. 2014ರಲ್ಲಿ ಮತ್ತೆ ತಿದ್ದಿದರು. ಬಿಡದೆ ತಿದ್ದಿದ್ದೆಲ್ಲ ಬಹುಪಾಲು ಕೆಳಗಿನ ಪಟ್ಟಿಕೆಯನ್ನೇ. ನಮ್ಮ ಭೀಮಣ್ಣನನ್ನು ಒಂದು ಮಾತು ಕೇಳಿದ್ದರೆ ‘ಮೊದ್ಲು ಅವಗೊಂದು ಕಿರೀಟ ಇಡ್ರಪ, ಆಮೇಲೆ ಒಬ್ಬ ಸಾರಥೀನ್ನ ಕೊಡ್ರಿ’ ಎಂದು ಮುಗಿಸುತ್ತಿದ್ದರು.

ನಮ್ಮಲ್ಲೂ ಆವೃತ್ತಿ ಬದಲಾಗದೆ ಇಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದ್ದಕ್ಕಿಂತ ದೊಡ್ಡ ಬದಲಾವಣೆ ಅಟ್ಟದ ಮೇಲೆ ಆಗಿದೆ. ಬಯಲಾಟದ ಜಾಗಕ್ಕೆ ಪೌರಾಣಿಕ ನಾಟಕ ಬಂತು; ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಊರೂರು ಸುತ್ತಿತು. ಕುಣಿತ ಹೋಗಿ ಮಾತು ಬಂದಿತು. ಕಾಲಲ್ಲಿದ್ದ ಶಕ್ತಿ ಗಂಟಲಿಗೇರಿತು. ಗಂಟಲಿನ ಆಟದಲ್ಲಿ ಗೆಲ್ಲುವವನು ಶಕುನಿ. ಹೆಂಗಸರ ಪಾತ್ರದಲ್ಲಿ ದ್ರೌಪದಿ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ನೋಡಿದವರಿಗೆ ಎದುರಿಗಿದ್ದ ಭೀಮ ಯಾರೆಂದು ನೆನಪಿರುವುದು ಕಷ್ಟ. ಇಲ್ಲಿಗೆ ನನ್ನ ವಾದ ಬಿದ್ದುಹೋಯಿತು, ಮೆರೆದಾಟವನ್ನೂ ವೀರನಿಂದ ಕಸಿದುಕೊಂಡರಲ್ಲ ಎನ್ನಬಹುದು. ಆದರೆ ಪಾತ್ರ ಹಂಚುವ ರಾತ್ರಿ ಕಟ್ಟೆಯ ಮೇಲೆ ಕೂತು ನೋಡಿ. ಚಪ್ಪಾಳೆಯೆಲ್ಲ ಶಕುನಿಗೆ ಎಂದು ಗೊತ್ತಿದ್ದೂ ಜಗಳ ನಡೆಯುವುದು ಭೀಮನಿಗೆ, ದುರ್ಯೋಧನನಿಗೆ. ಹೆಚ್ಚು ಪಟ್ಟಿ ಕೊಡಲು ಒಪ್ಪುವುದೂ ಅವಕ್ಕೇ. ಶಕುನಿಯ ವೇಷದಲ್ಲಿ ತೆಗೆಸಿದ ಫೋಟೋವನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಲು ಮನಸ್ಸು ಬಾರದು. ಬೀಗರು ಬಂದಾಗ ಉತ್ತರ ಹೇಳಬೇಕಾಗುತ್ತದೆ. ಗದೆ ಹಿಡಿದ ಫೋಟೋಕ್ಕೆ ಉತ್ತರ ಬೇಕಿಲ್ಲ. ಎದೆಯ ಮೇಲೆ ಪಿನ್ನಿನಿಂದ ಚುಚ್ಚಿದ ನೋಟುಗಳೂ ಅದರಲ್ಲಿ ಸ್ಪಷ್ಟವಾಗಿ ಬಿದ್ದಿರುತ್ತವೆ.

ಮಾತಿನತ್ತ ವಾಲುವುದು ಈ ನೆಲಕ್ಕೆ ಹೊಸದೂ ಅಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮಣಿ, ಮಲ್ಲ ಎಂಬ ರಕ್ಕಸರನ್ನು ಕೊಂದ ದೇವರ ಜಾತ್ರೆ ನಡೆಯುತ್ತದೆ. ಅಲ್ಲಿ ಎತ್ತರದ ಬಿಲ್ಲು ನಿಲ್ಲಿಸುತ್ತಾರೆ. ಗೊರವಯ್ಯ ಅದನ್ನೇರುವುದು ಬಾಣ ಬಿಡಲಿಕ್ಕಲ್ಲ, ಕಾರಣಿಕ ನುಡಿಯಲಿಕ್ಕೆ. ‘ಸದ್ದಲೇ’ ಎಂದ ಕೂಡಲೇ ಅಷ್ಟೂ ಜನ ಉಸಿರು ಹಿಡಿಯುತ್ತಾರೆ. ಒಂದೇ ಸಾಲು ಬೀಳುತ್ತದೆ. ಅದು ಮಳೆಗೋ ಬೆಳೆಗೋ ಮುಖ್ಯಮಂತ್ರಿಗೋ ಎಂದು ಆಮೇಲೆ ತಿಂಗಳುಗಟ್ಟಲೆ ಚರ್ಚೆ. ಆಯುಧವೇ ಹೀಗೆ ಮಾತಿಗೆ ಮೆಟ್ಟಿಲಾದ ಮೇಲೆ, ಗದೆ ಹಿಡಿದವರು ಚಹಾದಂಗಡಿಯಲ್ಲಿ ನಾಲ್ಕು ಮಾತು ಹೆಚ್ಚಾಗಿ ಆಡಿದರೆ ತಪ್ಪೇನು?

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹರಪನಹಳ್ಳಿ, ಜರ್ಮಲಿ, ಗುಡೇಕೋಟೆಯ ಪಾಳೆಯಗಾರರು ವೇಷ ಹಾಕಿ ಕೂತವರಲ್ಲ, ನಿಜವಾಗಿ ಕಾದಿದವರು. ಒನಕೆ ಓಬವ್ವ ಗುಡೇಕೋಟೆಯ ಮಗಳೆಂಬುದು ಇಲ್ಲಿಯವರ ನಂಬಿಕೆ. ಆಕೆಗೆ ಕಿರೀಟವಿರಲಿಲ್ಲ, ಸಾರಥಿ ಇರಲಿಲ್ಲ, ತಾವು ಯಾರೆಂದು ವಿಚಾರಿಸುವ ಪುರಸೊತ್ತು ಎದುರಾಳಿಗೂ ಇರಲಿಲ್ಲ. ಒಪ್ಪಬೇಕಾದ ಮಾತು. ಆದರೆ ಓಬವ್ವನ ಆ ಕಾಳಗ ಊರೂರಿಗೂ ತಲುಪಿದ್ದು ಹೇಗೆ? 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಒನಕೆ ಎತ್ತಿದ ಮೇಲೆ. ಕೆಳಗಿನ ಪಟ್ಟಿಕೆ ಓಬವ್ವನದು, ಮೇಲಿನವನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಕೆತ್ತಿದರು. ಇಂದಿಗೂ ಅದೇ ಲೆಕ್ಕ: ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುವ ಕೊಟ್ಟೂರಿನ ಹುಡುಗರೂ ದುಡ್ಡು ಕೊಟ್ಟು ಕೊಳ್ಳುವುದು ಒಂದು ಗುಂಡಿನ ಬಲವನ್ನೂ ಹೆಚ್ಚಿಸದ ಬಣ್ಣದ ಅಂಗಿಯನ್ನು. ಅಪ್ಪನ ಭುಜಕೀರ್ತಿಯನ್ನು ಹಳೆಯ ಕಾಲದ್ದೆಂದು ಹಾಸ್ಯ ಮಾಡುವವರೂ ಅವರೇ.

ಅನುಮಾನ ಇನ್ನೂ ಉಳಿದವರು ನಾಟಕದ ಹ್ಯಾಂಡ್‌ಬಿಲ್ ಓದಬಹುದು. ಪಾರ್ಟಿಗೆ ಆಸೆಪಟ್ಟವರು ಹೆಚ್ಚಾದ ಊರಿನಲ್ಲಿ ಒಂದೇ ಪಾತ್ರವನ್ನು ಇಬ್ಬರಿಗೆ ಹಂಚುತ್ತಾರೆ: ಒಂದನೇ ಭೀಮ, ಎರಡನೇ ಭೀಮ. ಒಂದನೆಯವರಿಗೆ ಪ್ರವೇಶ, ಪ್ರತಿಜ್ಞೆ, ಹಾರ. ಎರಡನೆಯವರಿಗೆ ಬೆಳಗಿನ ಜಾವದ ತೊಡೆ ಮುರಿಯುವ ಕೆಲಸ; ಶತ್ರುವನ್ನು ನಿಜವಾಗಿ ಕೊಲ್ಲುವವರು ಅವರೇ. ಒಂದನೇ ಭೀಮನಾಗಲು ಐವರು ಪೈಪೋಟಿಗೆ ಬೀಳುತ್ತಾರೆ. ಎರಡನೇ ಭೀಮನಿಗೆ ಹಾರ್ಮೋನಿಯಂ ಮಾಸ್ತರರು ‘ನೀನಾದ್ರೂ ಮಾಡಪ್ಪ’ ಎಂದು ಮನೆ ಮನೆ ತಿರುಗುತ್ತಿರುತ್ತಾರೆ.