ಮೂವರು ಸಾವ್ಕಾರರ ಒಂದು ಮಗ್ಗ

ನಮ್ಮ ಹುನ್ನೂರದಲ್ಲಿ ಗುಟ್ಟನ್ನು ಯಾರೂ ಬಯಲು ಮಾಡುವುದಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಹೇಳುತ್ತಾರೆ. ಈ ಸಂಪ್ರದಾಯಕ್ಕನುಸಾರವಾಗಿಯೇ ನನ್ನ ತಂಗಿಯು, ತನ್ನ ಮಗನು ಅಟ್ಟದ ಕೋಣೆಯಲ್ಲಿ ಕುಳಿತು ಮೂರು ಕಂಪನಿಗಳ ಪಗಾರವನ್ನು ಎಣಿಸುತ್ತಿರುವನೆಂಬ ಪರಮರಹಸ್ಯವನ್ನು ಊರಿಗೆಲ್ಲ ಹೇಳಿಯಾದ ಮೇಲೆ ನನಗೂ ಅರುಹಿದಳು.

ಉಪದೇಶ ಮಾಡುವ ಸದುದ್ದೇಶದಿಂದ ಅಟ್ಟವನ್ನೇರಿದೆನು. ಅಳಿಯನ ಎಡಗಿವಿಯಲ್ಲಿ ಒಂದು ಕಂಪನಿಯ ಮೀಟಿಂಗು, ಬಲಗಿವಿಯಲ್ಲಿ ಮತ್ತೊಂದರದು. ಮೂರನೆಯ ಲ್ಯಾಪ್‌ಟಾಪಿನ ಮೌಸನ್ನು ಟೇಬಲ್ ಫ್ಯಾನಿನ ಕೊರಳಿಗೆ ದಾರದಿಂದ ಬಿಗಿದಿದ್ದನಾಗಿ, ಫ್ಯಾನು ತಲೆಯಾಡಿಸಿದಾಗಲೆಲ್ಲ ಅವನು ಏಕಾಗ್ರಚಿತ್ತದಿಂದ ದುಡಿಯುತ್ತಿರುವನೆಂದು ಹಸಿರು ಚುಕ್ಕೆಯೊಂದು ದೂರದ ಧಣಿಗಳಿಗೆ ಸಾಕ್ಷಿ ನುಡಿಯುತ್ತಿತ್ತು. ನಿಜವಾದ ಕೆಲಸವನ್ನು ಅವನು ಬರೆದಿಟ್ಟ ಸ್ಕ್ರಿಪ್ಟುಗಳು ಬೆಳಗಿನ ಚಹಾಕ್ಕೆ ಮುನ್ನವೇ ಮುಗಿಸಿಬಿಡುತ್ತಿದ್ದುವು. ದಿನವಿಡೀ ಉಳಿಯುತ್ತಿದ್ದುದು, ಕೆಲಸ ಮುಗಿದಿದೆಯೆಂಬುದನ್ನು ಮುಚ್ಚಿಡುವ ಕೆಲಸವೊಂದೇ; ಅದಕ್ಕೆ ಮಾತ್ರ ಸ್ಕ್ರಿಪ್ಟು ಬರೆಯಲು ಬಾರದೆ ಬಡಪಾಯಿ ಸೊರಗಿದ್ದನು.

2022ರಲ್ಲಿ ವಿಪ್ರೋದ ರಿಷದ್ ಪ್ರೇಮ್‌ಜಿಯವರು ಇಂಥ ದ್ವಿಪಾತ್ರಾಭಿನಯವನ್ನು ಮೋಸವೆಂದೇ ಸಾರಿ, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಮನೆಗೆ ಕಳುಹಿಸಿದುದನ್ನೂ, ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಯುವುದನ್ನು ನಿರ್ಬಂಧಿಸಿದ್ದ 1948ರ ಕಾರ್ಖಾನೆ ಕಾಯಿದೆಯ 60ನೆಯ ಕಲಮನ್ನೂ ಗಂಭೀರವಾಗಿ ನಿವೇದಿಸಿದೆನು.

"ಮಾಮಾ, ಇದು ಫ್ಯಾಕ್ಟರಿ ಅಲ್ಲ, ಅಟ್ಟ," ಎಂದನು.

ಕಾಯಿದೆಯು ಕೈಕೊಟ್ಟಿತಾಗಿ ಮುಧೋಳದ ರನ್ನನ ಮೊರೆಹೊಕ್ಕೆನು. ಆ ಮಹಾಕವಿಯೂ 993ರಲ್ಲಿ ಅತ್ತಿಮಬ್ಬೆಗಾಗಿ ಅಜಿತಪುರಾಣವನ್ನು ರಚಿಸಿದನು, ಸತ್ಯಾಶ್ರಯನಿಗಾಗಿ ಗದಾಯುದ್ಧವನ್ನು ಹಾಡಿದನು; ಆದರೆ ಯಾರ ಋಣವನ್ನೂ ಮರೆಮಾಚದೆ, ತನ್ನನ್ನು ಪೋಷಿಸಿದ ಚಾವುಂಡರಾಯನ ನೆನಪಿಗೆ ಮಗನನ್ನು ರಾಯನೆಂದೂ, ಮಗಳನ್ನು ಅತ್ತಿಮಬ್ಬೆಯೆಂದೂ ಕರೆದನು. ನೀನೂ ಧಣಿಗಳ ಹೆಸರನ್ನು ಹಾಗೆ ಬಹಿರಂಗವಾಗಿ ಹೇಳಬಲ್ಲೆಯಾ ಎಂದು ಕೇಳಿದೆನು.

"ಮೊದಲ ಮದುವಿ ಆಗಲಿ ತಡೀರಿ," ಎಂದನು. ಬಳಿಕ ಒಂದು ಕಿವಿಯನ್ನು ಬಿಡಿಸಿಕೊಂಡು ಮುಂದುವರಿಸಿದನು: "ಬನಹಟ್ಟ್ಯಾಗ ಒಬ್ಬ ನೇಕಾರಗ ನಾಕು ಮಗ್ಗ ವಹಿಸಿದ ಸಾವ್ಕಾರ ಶಾಣ್ಯಾ. ನಾ ಒಂದ ಮಗ್ಗಕ್ಕ ಮೂರು ಮಂದಿ ಸಾವ್ಕಾರ್ರನ್ನ ಕಟ್ಟಿದ್ರ ಕಳ್ಳ!"

ನಾನು ತಬ್ಬಿಬ್ಬಾದೆನು. ಹೊಕ್ಕಿನ ಎಳೆ ಹರಿದೊಡನೆ ತಾನಾಗಿಯೇ ನಿಲ್ಲುವ ಜಾಣ್ಮೆಯನ್ನು ವಿದ್ಯುತ್ ಮಗ್ಗವು ಕಲಿತುದರಿಂದ ಒಬ್ಬನ ಕಣ್ಣು ಹಲವು ಮಗ್ಗಗಳನ್ನು ಕಾಯುವಂತಾಯಿತು; ಹಾಗೆ ಉಳಿದ ಹೊತ್ತು ಮಾತ್ರ ನೇಕಾರನ ವಿಶ್ರಾಂತಿಯಾಗದೆ ಮಾಲೀಕನ ಲೆಕ್ಕಕ್ಕೆ ಜಮೆಯಾಯಿತು. ಹಾಗಿದ್ದರೂ ಸುಳ್ಳು ಸುಳ್ಳೇ ಅಲ್ಲವೇ? ಸ್ಕ್ರಿಪ್ಟನ್ನು ಧಣಿಗಳಿಗೆ ತೋರಿಸಿ, ಬಡ್ತಿಯನ್ನೇ ಕೇಳಬಾರದೇಕೆ ಎಂದೆನು.

"ತೋರಿಸಿದ್ರ ಸ್ಕ್ರಿಪ್ಟ್ ಇಟ್ಕೋತಾರ ಮಾಮಾ, ನನ್ನ ಬಿಡ್ತಾರ."

ಮೂರು ಪಗಾರ ಉಣ್ಣುವವನ ಬಾಯಲ್ಲಿ ಬಂದಿತೆಂಬ ಮಾತ್ರಕ್ಕೆ ಈ ಭಯವು ಹುಸಿಯಾಗದು. ದುಡಿಮೆಯನ್ನು ಹಗುರಗೊಳಿಸಿದವನ ಜೇಬೇ ಮೊದಲು ಹಗುರಾಗುವ ರೂಢಿಯಿರುವ ತನಕ, ಪ್ರಾಮಾಣಿಕತೆಯ ಉಪದೇಶಕ್ಕಾಗಿ ಇನ್ನೊಮ್ಮೆ ಆ ಮೆಟ್ಟಿಲುಗಳನ್ನೇರಲು ನನ್ನ ಮನಸ್ಸು ಒಪ್ಪಿದರೂ ಮೊಣಕಾಲುಗಳು ಒಪ್ಪಲಾರವು.