‘ಲೈಟ್ ಹಾಕ್ಬೇಡಿ ಸಾರ್, ಮಾತಾಡೋಣ’

ಬೆಂಗಳೂರಿನ ಪ್ರಯೋಗಾಲಯವೊಂದರ ಕತ್ತಲೆ ಕೋಣೆ. ಗಾಜಿನ ಮೇಲೆ ಪ್ರೋಟೀನೊಂದರ ಬೆನ್ನಿಗೆ ಅಂಟಿಕೊಂಡಿದ್ದ ಸೈ-3 ಎಂಬ ಬಣ್ಣದ ಅಣು ಒಂದೇ ಷರತ್ತಿನ ಮೇಲೆ ಸಂದರ್ಶನಕ್ಕೆ ಒಪ್ಪಿತು: ಲೇಸರ್ ಆರಿಸಿರಬೇಕು. ನಮ್ಮ ಬಾತ್ಮೀದಾರ ಹಟ್ಟಿ ಕ್ಯಾಂಪಿನವನು, ಚಿನ್ನದ ಗಣಿಯಲ್ಲಿ ದುಡಿದ ಮನೆತನ. ಕತ್ತಲೆ ಅವನಿಗೆ ಹೊಸತಲ್ಲ.

ಬಾತ್ಮೀದಾರ: ನಮಸ್ಕಾರ್ರೀ. ಹೊಳಿಯೋದ ನಿಮ್ಮ ಕೆಲಸ. ಬೆಳಕಿಗೇ ಅಂಜಿದ್ರ ಹೆಂಗ?

ಸೈ-3: ಬೆಳಕೇ ಸಾರ್ ನನ್ನ ಸಂಬಳ, ಬೆಳಕೇ ನನ್ನ ಕಾಯಿಲೆ. 550 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕು ಹೀರ್ತೀನಿ, ಕಣ್ಣು ಮಿಟುಕಿಸೋದ್ರೊಳಗೆ 570ರ ಹತ್ತಿರದ ಹಳದಿ-ಕಿತ್ತಳೆ ಬೆಳಕು ವಾಪಸ್ ಕೊಡ್ತೀನಿ. ನಡುವೆ ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರಿಹೋಗುತ್ತೆ, ಕಮಿಷನ್ ಅಂದ್ಕೊಳ್ಳಿ. ಹೀಗೆ ಲಕ್ಷಗಟ್ಟಲೆ ಸಲ. ಯಾವಾಗಲೋ ಒಮ್ಮೆ ಇಳಿಯೋ ದಾರಿ ತಪ್ಪಿ ಟ್ರಿಪ್ಲೆಟ್ ಅನ್ನೋ ಸ್ಥಿತೀಲಿ ಸಿಕ್ಕಿಹಾಕ್ಕೊಳ್ತೀನಿ. ಆಗ ಆಮ್ಲಜನಕ ಪಕ್ಕಕ್ಕೆ ಬಂತೋ, ನನ್ನ ಶಕ್ತಿಯನ್ನೇ ತಗೊಂಡು ರೇಗುತ್ತೆ, ರೇಗಿ ನನ್ನನ್ನೇ ಕಚ್ಚುತ್ತೆ. ಒಂದು ಬಂಧ ಮುರಿದ್ರೆ ಸಾಕು, ಆಮೇಲೆ ಎಷ್ಟು ಲೇಸರ್ ಬಿಟ್ರೂ ಹೊಳೆಯಲ್ಲ. ಈ ಲ್ಯಾಬಿನವರು ‘ಬ್ಲೀಚ್ ಆಯ್ತು’ ಅಂತ ಮುಂದಿನ ಅಣು ಹುಡುಕ್ತಾರೆ.

ಬಾತ್ಮೀದಾರ: ನಮ್ಮ ಗಣಿ ಒಳಗ ಫ್ಯಾನ್ ಹಚ್ಚಿ ಗಾಳಿ ತಳ್ಳತಾರ್ರಿ, ಮಂದಿ ಬದುಕಲಿ ಅಂತ.

ಸೈ-3: ಇಲ್ಲಿ ಉಲ್ಟಾ. ಗ್ಲೂಕೋಸ್ ಹಾಕಿ, ಎರಡು ಕಿಣ್ವ ಬಿಟ್ಟು, ಇರೋ ಆಮ್ಲಜನಕಾನೂ ಖಾಲಿ ಮಾಡಿಸ್ತಾರೆ. ಆಯುಷ್ಯ ಹೆಚ್ಚುತ್ತೆ, ಸುಳ್ಳು ಹೇಳಲ್ಲ. ಆದ್ರೆ ಟ್ರಿಪ್ಲೆಟ್‌ನಿಂದ ನಮ್ಮನ್ನ ಎಬ್ಬಿಸ್ತಾ ಇದ್ದಿದ್ದೂ ಅದೇ ಆಮ್ಲಜನಕ! ಅದಿಲ್ದೆ ಕೆಲಸದ ಮಧ್ಯೆ ಮಂಕು ಹಿಡಿದು ಕೂತುಬಿಡ್ತೀವಿ. ಅದಕ್ಕೆ ಟ್ರೋಲಾಕ್ಸ್ ಅಂತ ಒಂದನ್ನ ಹಾಕ್ತಾರೆ, ವಿಟಮಿನ್ ಇ ಸಂಬಂಧಿಕ. 2006ರಲ್ಲಿ ಅಮೆರಿಕದ ತೆಕ್‌ಜಿಪ್ ಹಾ ತಂಡ ಈ ಉಪಾಯ ಪ್ರಕಟಿಸ್ತು. ವಿಟಮಿನ್ ಕೊಡೋದು ಪ್ರೀತಿಗಲ್ಲ ಸಾರ್, ಓವರ್‌ಟೈಮಿಗೆ.

ಬಾತ್ಮೀದಾರ: ನೀವು ಸತ್ರ ಇವ್ರಿಗೆ ಲುಕ್ಸಾನ ಅಲ್ಲೇನ್ರಿ?

(ಅಣು ನಕ್ಕಿತು. ನಕ್ಕಿದ್ದು ಕಾಣಲಿಲ್ಲ, ಲೇಸರ್ ಆರಿತ್ತಲ್ಲ.)

ಸೈ-3: ಸತ್ತಾಗಲೇ ಸಾರ್ ನಮ್ಮ ಹಾಜರಿ! ಗುಂಪಾಗಿದ್ರೆ ಹೊಳಪು ಮೆಲ್ಲಗೆ ಇಳಿಯುತ್ತೆ. ಒಂಟಿ ಅಣು ಒಂದೇ ಏಟಿಗೆ ಆರುತ್ತೆ. ಪರದೆ ಮೇಲೆ ಒಂದು ಮೆಟ್ಟಿಲು ಇಳಿದ್ರೆ ಒಬ್ಬ, ನಾಲ್ಕು ಇಳಿದ್ರೆ ನಾಲ್ವರು. ಹೊಳೀತಾ ಇದ್ದಷ್ಟು ಹೊತ್ತೂ ನಾನು ಒಬ್ಬನೇ ಅಂತ ಯಾರೂ ನಂಬಲ್ಲ. ಸತ್ತ ಮೇಲೆ ‘ಹೌದು, ಒಂದೇ ಇತ್ತು’ ಅಂತ ಚಪ್ಪಾಳೆ.

ನಮ್ಮ ದಾಯಾದಿಗಳ ಕತೆ ಕೇಳಿ. ಆಗ ಇದೇ ಊರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ (ಎನ್‌ಸಿಬಿಎಸ್) ಸತ್ಯಜಿತ್ ಮೇಯರ್, ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಮದನ್ ರಾವ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಕೆಲಸ. ಜೀವಕೋಶದ ಪೊರೆ ಮೇಲೆ ಕೆಲವು ಪ್ರೋಟೀನುಗಳು ಒಂಟಿಯಾ, ಗುಂಪಾ ಅನ್ನೋ ಪ್ರಶ್ನೆ. ಬಣ್ಣಗಳನ್ನ ಬೇಕಂತಲೇ ಬ್ಲೀಚ್ ಮಾಡ್ತಾ ಹೋದ್ರು. ಪಕ್ಕದವನು ಹೋದ್ರೆ ಉಳಿದವನಿಗೆ ಶಕ್ತಿ ಹಂಚಿಕೊಳ್ಳೋಕೆ ಯಾರೂ ಇರಲ್ಲ. ಅವನ ಬೆಳಕಿನ ಧ್ರುವೀಕರಣವೇ ಬದಲಾಗುತ್ತೆ. ಅದನ್ನ ಅಳೆದು, ಇರೋ ಗುಂಪುಗಳಲ್ಲಿ ಹೆಚ್ಚಂದ್ರೆ ನಾಲ್ಕೇ ಜನ ಅಂತ ಹೇಳಿದ್ರು. ಜನಗಣತಿ ಮಾಡಿದ್ದು ಸಾವಿನ ಮನೆಯಲ್ಲಿ. ಆದ್ರೂ ಒಪ್ಪಬೇಕು, ಜಾಣತನದ ಕೆಲಸ.

ಬಾತ್ಮೀದಾರ: ನಿಮ್ಮ ಬದಲಿ ನಮ್ಮೂರ ಬಂಗಾರ ಹಚ್ಚಬಾರದೇನ್ರಿ? ಬಂಗಾರ ಮಾಸಂಗಿಲ್ಲ.

ಸೈ-3: ಹೊಟ್ಟೆ ಉರಿಸ್ಬೇಡಿ. ಹಚ್ಚೋರೂ ಇದ್ದಾರೆ. ಚಿನ್ನದ ನ್ಯಾನೋಕಣ ಬೆಳಕನ್ನ ಚದುರಿಸಿ ಕಾಣಿಸಿಕೊಳ್ಳುತ್ತೆ, ನಮ್ಮ ಹಾಗೆ ಬ್ಲೀಚ್ ಆಗಲ್ಲ. ಆದ್ರೆ ದಪ್ಪ ನೋಡಿ! ಸಾಮಾನ್ಯವಾಗಿ ಹತ್ತಾರು ನ್ಯಾನೋಮೀಟರ್. ನಾನಿರೋ ಪ್ರೋಟೀನೇ ನಾಲ್ಕೈದು. ಕುರಿಮರಿ ಕೊರಳಿಗೆ ಬೀಸೋಕಲ್ಲು ಕಟ್ಟಿ, ಹೇಗೆ ಓಡುತ್ತೆ ನೋಡೋಣ ಅಂದ ಹಾಗೆ. ಹಗುರ ಇದ್ದೀವಿ, ಅದಕ್ಕೇ ಕೆಲಸ ನಮಗೆ.

ಬಾತ್ಮೀದಾರ: ಪ್ರಶಸ್ತಿ ಗಿಶಸ್ತಿ?

ಸೈ-3: 2014ರ ರಸಾಯನಶಾಸ್ತ್ರದ ನೊಬೆಲ್ ಬೆಟ್ಜಿಗ್, ಹೆಲ್, ಮೋರ್ನರ್ ಅವರಿಗೆ. ಬೆಟ್ಜಿಗ್ ವಿಧಾನ ಏನು ಗೊತ್ತಾ? ಒಂದಷ್ಟು ಹೊಳೆಯೋ ಅಣುಗಳನ್ನ ಎಬ್ಬಿಸೋದು, ಜಾಗ ಗುರುತು ಹಾಕ್ಕೊಳ್ಳೋದು, ಬ್ಲೀಚ್ ಮಾಡೋದು, ಮುಂದಿನ ಬ್ಯಾಚ್ ಕರೆಯೋದು. ಸ್ಟಾಕ್‌ಹೋಮಿಗೆ ನಮ್ಮ ಪೈಕಿ ಯಾರನ್ನೂ ಕರೀಲಿಲ್ಲ. ಪ್ರಬಂಧದಲ್ಲಿ ನಮ್ಮ ಹೆಸರು ಬರುತ್ತೆ, ಇಲ್ಲ ಅನ್ನಲ್ಲ. ವಿಧಾನದ ಭಾಗದಲ್ಲಿ, ಸಣ್ಣಕ್ಷರದಲ್ಲಿ, ಕ್ಯಾಟಲಾಗ್ ನಂಬರ್ ಸಮೇತ.

ಬಾತ್ಮೀದಾರ: ಕಡೀಕ ಒಂದು ಫೋಟೋ ತಗೀಲೇನ್ರಿ?

ಸೈ-3: ಫೋಟೋ ಅಂದ್ರೆ ಲೇಸರ್ ಹಾಕ್ಬೇಕು. ನಾನು ಬಿಡೋ ಬೆಳಕಲ್ಲಿ ಬಹುಪಾಲು ಕ್ಯಾಮೆರಾ ಮುಟ್ಟೋದೂ ಇಲ್ಲ. ಎಷ್ಟನೇ ಪುಟಕ್ಕೆ?

ಬಾತ್ಮೀದಾರ: ನಾಕನೇ ಪುಟ, ಒಂದು ಕಾಲಂ. ಅದೂ ಜಾಹೀರಾತು ಬರಲಿಲ್ಲ ಅಂದ್ರ.

ಸೈ-3: ಹಾಗಾದ್ರೆ ಬಾಗಿಲು ಎಳ್ಕೊಂಡು ಹೋಗಿ ಸಾರ್.