ಮುಳುಗುವವರ ಸಂಘ (ರಿ.)

ಕರ್ನಾಟಕದಲ್ಲಿ ಒಂದು ಸಂಘ ನೋಂದಾಯಿಸಲು 1960ರ ಕಾಯ್ದೆ ಕೇಳುವುದು ಕನಿಷ್ಠ ಏಳು ಜನರನ್ನು. ಆ ಏಳು ಜನಕ್ಕೆ ಈಜು ಬರಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ಆದ್ದರಿಂದ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮಿಕ್ಕಿ ಎತ್ತರದಲ್ಲಿರುವ, ಮುರುಡೇಶ್ವರದ ಕಡಲಿಗೆ ಒಂದು ರಾತ್ರಿಯ ಬಸ್ಸಿನಷ್ಟು ದೂರವಿರುವ ಬೆಂಗಳೂರಿನಲ್ಲಿ ಸ್ಕೂಬಾ ಡೈವಿಂಗ್ ಸಂಘ ಕಟ್ಟುವುದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ. ಇರುವ ಅಡ್ಡಿ ಒಂದೇ. ನೀರಿನೊಳಗೆ ಮಾತಾಡಲು ಬರುವುದಿಲ್ಲ. ಸಂಘದ ಉಳಿದೆಲ್ಲ ಚಟುವಟಿಕೆಗಳೂ ಹುಟ್ಟಿದ್ದು ಈ ಒಂದು ಕೊರತೆಯನ್ನು ತುಂಬಲಿಕ್ಕೆ.

ನೀವೇ ಯೋಚಿಸಿ. ಬಾಯಲ್ಲಿ ರೆಗ್ಯುಲೇಟರ್ ಕಚ್ಚಿಕೊಂಡ ಮನುಷ್ಯ ಸ್ವಾಗತ ಕೋರಲಾರ, ವಂದನಾರ್ಪಣೆ ಮಾಡಲಾರ, "ನಾನು ಹೆಚ್ಚು ಮಾತಾಡಲು ಹೋಗುವುದಿಲ್ಲ" ಎಂದು ಶುರುಮಾಡಿ ಮುಕ್ಕಾಲು ಗಂಟೆ ಎಳೆಯಲಾರ. ಅಲ್ಲಿ ವೇದಿಕೆಯಿಲ್ಲ. ಹಾರ ಹಾಕಿದರೆ ತೇಲಿ ಹೋಗುತ್ತದೆ. ದೀಪ ಬೆಳಗುವ ಪ್ರಶ್ನೆಯೇ ಇಲ್ಲ. ಗಣ್ಯರು ಯಾರು, ಗಣ್ಯರಲ್ಲದವರು ಯಾರು ಎಂಬುದು ಮೀನಿಗೂ ಗೊತ್ತಾಗುವುದಿಲ್ಲ. ಇಂಥ ಜಾಗಕ್ಕೆ ಹೋಗಿ ಬಂದವರು ದಡ ಮುಟ್ಟಿದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ ಪದಾಧಿಕಾರಿಗಳ ಆಯ್ಕೆ.

ಇದು ನಮ್ಮವರ ಮೇಲೆ ಮಾತ್ರ ಹೊರಿಸುವ ದೂರಲ್ಲ. 1943ರಲ್ಲಿ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ 'ಆಕ್ವಾಲಂಗ್' ಮಾಡಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಗಾನ್ಯಾನ್ ರೂಪಿಸಿದ್ದ ವಾಲ್ವನ್ನೇ ತಿದ್ದಿ, ಉಸಿರೆಳೆದಾಗ ಮಾತ್ರ ಗಾಳಿ ಬಿಡುವಂತೆ ಮಾಡಿದರು. ಅಲ್ಲಿಯವರೆಗೆ ಹೆಚ್ಚಾಗಿ ಮೇಲಿನ ಹಡಗಿನ ಕೊಳವೆಗೆ ಕಟ್ಟುಬಿದ್ದಿದ್ದ ಮುಳುಗುಗಾರನಿಗೆ ಬಿಡುಗಡೆಯಾಯಿತು. ಹತ್ತೇ ವರ್ಷ. 1953ರಲ್ಲಿ ಇಂಗ್ಲಿಷರು ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಸ್ಥಾಪಿಸಿ, ಬಿಡುಗಡೆಯಾದವನನ್ನು ಹಿಡಿದು ಶಾಖೆ, ಚಂದಾ, ಸಮಿತಿಗಳಿಗೆ ಮತ್ತೆ ಕಟ್ಟಿದರು. 1966ರಲ್ಲಿ ಅಮೆರಿಕದಲ್ಲಿ ಡೈವಿಂಗ್ ಸಾಮಾನು ಮಾರುವವರೊಬ್ಬರೂ ಈಜು ಕಲಿಸುವವರೊಬ್ಬರೂ ಕೂಡಿ 'ಪ್ಯಾಡಿ' ಎಂಬ ತರಬೇತಿ ಸಂಸ್ಥೆ ಆರಂಭಿಸಿ ಕಲಿತವರಿಗೆ ಕಾರ್ಡು ಹಂಚತೊಡಗಿದರು. ಫ್ರೆಂಚರು ಗಾಳಿ ಕೊಟ್ಟರು, ಇಂಗ್ಲಿಷರು ಸಮಿತಿ ಕೊಟ್ಟರು, ಅಮೆರಿಕನ್ನರು ಕಾರ್ಡು ಕೊಟ್ಟರು. ನಾವು ಸೇರಿಸಿದ್ದು ಶಾಲು.

ಸಂಘದಲ್ಲಿ ಕಾರ್ಡಿನ ಪ್ರಕಾರ ಜಾತಿ. 'ಓಪನ್ ವಾಟರ್' ಕಾರ್ಡು ಬೇಕೆಂದರೆ 200 ಮೀಟರ್ ಈಜಬೇಕು, ಹತ್ತು ನಿಮಿಷ ಆಸರೆಯಿಲ್ಲದೆ ತೇಲಬೇಕು. ಅದು ಕೈಗೆ ಬಂದರೆ 18 ಮೀಟರ್ ಆಳಕ್ಕೆ ಇಳಿಯಬಹುದು. 'ಅಡ್ವಾನ್ಸ್‌ಡ್' ಆದರೆ 30 ಮೀಟರ್. ಏನೂ ಇಲ್ಲದವರಿಗೆ, ಈಜೇ ಬಾರದವರಿಗೆ, ಬೋಧಕನ ಹಿಡಿತದಲ್ಲಿ 12 ಮೀಟರಿನೊಳಗಿನ 'ಅನುಭವ'. ಕೆಳಗಿಳಿದಷ್ಟೂ ಅಂತಸ್ತು ಏರುವ ವ್ಯವಸ್ಥೆ ಇದೊಂದೇ ಇರಬೇಕು. ಆದರೆ ಪದಾಧಿಕಾರಿಗಳನ್ನು ಆರಿಸುವಾಗ ನಮ್ಮವರು ಈ ಎಡವಟ್ಟನ್ನು ಸರಿಪಡಿಸಿಕೊಳ್ಳುತ್ತಾರೆ. 30 ಮೀಟರ್ ಇಳಿದು ಬಂದ ಹುಡುಗಿ ಜಂಟಿ ಕಾರ್ಯದರ್ಶಿ, ಅಂದರೆ ಬಸ್ ಬುಕ್ ಮಾಡುವವಳು. ಮಾಸ್ಕ್ ಹಾಕಿದೊಡನೆ ಉಸಿರು ಕಟ್ಟುವ ಹಿರಿಯರು ಅಧ್ಯಕ್ಷರು. ಅವರಿಗೆ ಕಲ್ಯಾಣ ಮಂಟಪವನ್ನು ಬಾಡಿಗೆಯಿಲ್ಲದೆ ಕೊಡಿಸುವ ಶಕ್ತಿಯಿದೆ.

ಖಜಾಂಚಿಯವರ ಸಂಕಟ ಬೇರೆ. ಗಾಳಿಗೆ ದುಡ್ಡು ಕೊಡಬೇಕೆಂಬುದೇ ಅವರಿಗೆ ಜೀರ್ಣವಾಗಿಲ್ಲ. ಟಿವಿಯವರು 'ಆಕ್ಸಿಜನ್ ಸಿಲಿಂಡರ್' ಎನ್ನುವುದನ್ನು ಕೇಳಿ ಕೇಳಿ ಒಳಗೆ ಏನೋ ಬೆಲೆಬಾಳುವ ವಸ್ತು ಇದೆಯೆಂದು ಅವರು ನಂಬಿದ್ದರು. ಇರುವುದು ನಾವು ನೀವು ಉಸಿರಾಡುವ ಗಾಳಿಯೇ. ಬರೀ ಆಕ್ಸಿಜನ್ ಎಳೆಯುತ್ತ ಆರು ಮೀಟರಿಗಿಂತ ಕೆಳಗೆ ಹೋದರೆ ಫಿಟ್ಸ್ ಬಂದು ಅಲ್ಲೇ ಮುಗಿದೀತು ಎಂದು ಜಂಟಿ ಕಾರ್ಯದರ್ಶಿ ವಿವರಿಸಿದಳು. ಆ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ನೈಟ್ರೋಜನ್, ಅದು ದೇಹಕ್ಕೆ ಬೇಕಾಗಿಯೇ ಇಲ್ಲ ಎಂಬುದೂ ಬಾಯಿ ತಪ್ಪಿ ಬಂತು. "ಹಾಗಾದ್ರೆ ಆ ಎಪ್ಪತ್ತೆಂಟಕ್ಕೆ ಯಾಕಮ್ಮ ಬಿಲ್ಲು?" ಎಂದು ಖಜಾಂಚಿಯವರು ಕೇಳಿದ ಪ್ರಶ್ನೆ ಈಗಲೂ ಕಾರ್ಯಕಾರಿ ಸಮಿತಿಯ ಮುಂದಿದೆ.

ಹನ್ನೊಂದು ಲೀಟರಿನ ಟ್ಯಾಂಕಿನಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ತುಂಬಿರುತ್ತದೆ. ದಡದ ಮೇಲಿನ ಲೆಕ್ಕ ನೀರಿನಲ್ಲಿ ನಡೆಯುವುದಿಲ್ಲ. ಹತ್ತು ಮೀಟರ್ ಆಳದಲ್ಲಿ ಅದೇ ಗಾಳಿ ಎರಡು ಪಟ್ಟು ಬೇಗ ಖಾಲಿ, ಇಪ್ಪತ್ತರಲ್ಲಿ ಮೂರು ಪಟ್ಟು. ಗಾಬರಿಯಾದವನಿಗೆ ಇನ್ನೂ ಬೇಗ. ಅದಕ್ಕೇ 'ಬಡ್ಡಿ' ಪದ್ಧತಿ: ಇಬ್ಬಿಬ್ಬರ ಜೋಡಿ, ಒಬ್ಬನ ಗಾಳಿ ತಗ್ಗಿದರೆ ಇಬ್ಬರೂ ಮೇಲೇರಬೇಕು. ಅಧ್ಯಕ್ಷರ ಜೋಡಿ ಖಜಾಂಚಿಯವರು. ಅಧ್ಯಕ್ಷರು ನೀರೊಳಗೂ ಭಾಷಣದ ದಮ್ಮಿನಲ್ಲೇ ಉಸಿರಾಡುತ್ತಾರಾದ್ದರಿಂದ ಒಂದು ವರ್ಷ ಕಾಲು ಗಂಟೆಯಲ್ಲೇ ಅವರ ಮಾಪಕದ ಮುಳ್ಳು 50 ಬಾರ್‌ಗೆ ಬಂತು. ಖಜಾಂಚಿಯವರ ಟ್ಯಾಂಕಿನಲ್ಲಿ ಮುಂಗಡ ಪಾವತಿಸಿದ ಗಾಳಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನು ಅಲ್ಲೇ ಬಿಟ್ಟು ಬಂದ ನೋವು ಆ ವರ್ಷದ ಆಯವ್ಯಯದಲ್ಲಿ 'ಇತರೆ ನಷ್ಟ' ಎಂಬ ತಲೆಬರಹದಡಿ ದಾಖಲಾಗಿದೆ.

ಮಾತಿಲ್ಲದ ಲೋಕದಲ್ಲಿ ಸನ್ನೆಯೇ ಭಾಷೆ. ಅಲ್ಲಿ ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಡೈವ್ ಮುಗಿಸೋಣ, ಮೇಲೆ ನಡಿ' ಎಂದು. ಇದನ್ನು ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. ಹೇಳಿಕೊಟ್ಟದ್ದು ನೀರಿನಲ್ಲಿ ಮರೆತುಹೋಗಿ ವಾಟ್ಸಾಪಿನಲ್ಲಿ ಜಾರಿಗೆ ಬಂದಿದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಪ್ರವಾಸ ಎಂದು ಪ್ರಕಟಣೆ ಹಾಕಿದರೆ ನಲವತ್ತು ಹೆಬ್ಬೆರಳು ಏಳುತ್ತವೆ. ಮುಂಗಡ ಕಳಿಸಿ ಎಂದ ಮರುಕ್ಷಣ ನಲವತ್ತೂ ಡೈವಿಂಗ್ ಅರ್ಥದಲ್ಲೇ ಎದ್ದಿದ್ದವು ಎಂದು ಗೊತ್ತಾಗುತ್ತದೆ.

30 ಮೀಟರ್ ಆಸುಪಾಸಿನಲ್ಲಿ ನೈಟ್ರೋಜನ್ ತಲೆಗೇರುವುದುಂಟು. ವಿವೇಚನೆ ಮಂಕಾಗುತ್ತದೆ, ಹೇಳಿದ್ದನ್ನೇ ಹೇಳುವಂತಾಗುತ್ತದೆ, ತಾನು ಮಹಾ ಬುದ್ಧಿವಂತನೆಂಬ ಭಾವ ಆವರಿಸುತ್ತದೆ. ಕೆಲವು ಮೀಟರ್ ಮೇಲೇರಿದರೆ ತಾನಾಗಿಯೇ ಇಳಿಯುತ್ತದೆ. ಇದೇ ಲಕ್ಷಣಗಳು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಮೀಟರ್ ಎತ್ತರದ ವೇದಿಕೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಅದಕ್ಕೆ ಮಾತ್ರ ಮೇಲೇರಿದರೂ ಪರಿಹಾರವಿಲ್ಲ. ಮೇಲೇರಿದ್ದೇ ಕಾರಣ.

ಸಂಘದ ಹೃದಯವೆಂದರೆ ವಾರ್ಷಿಕ ಚಟುವಟಿಕೆಗಳ ಪಟ್ಟಿ. ಮುರುಡೇಶ್ವರದಿಂದ ಸುಮಾರು 20 ಕಿಲೋಮೀಟರ್ ಕಡಲೊಳಗಿರುವ ನೇತ್ರಾಣಿಗೆ ಮಳೆಗಾಲದಲ್ಲಿ ಡೈವಿಂಗ್ ದೋಣಿ ಹೋಗುವುದಿಲ್ಲ. ಜೂನ್ ಒಂದರಿಂದ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಯೂ ಬಂದ್. ಸರಿಯಾಗಿ ಆ ಹೊತ್ತಿಗೇ, ಜೂನ್ 8ಕ್ಕೆ, ವಿಶ್ವ ಸಾಗರ ದಿನ ಬರುತ್ತದೆ. ಕಡಲಿಗೆ ಹೋಗುವಂತಿಲ್ಲ ಎಂಬ ಈ ಸುಯೋಗವನ್ನು ಸಂಘ ಬಿಡುವುದುಂಟೇ? ಕಲ್ಯಾಣ ಮಂಟಪದಲ್ಲಿ ಸಾಗರ ದಿನಾಚರಣೆ. ವೇದಿಕೆಯ ಹಿಂದೆ, 2016ರಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದ ಫ್ಲೆಕ್ಸ್. ಅದರ ಮೇಲೆ ಕಡಲಾಮೆ, ಕಡಲಾಮೆಗಿಂತ ದೊಡ್ಡದಾಗಿ ಅಧ್ಯಕ್ಷರು, ಕೆಳಗೆ 'ಪ್ಲಾಸ್ಟಿಕ್ ತೊಲಗಿಸಿ, ಕಡಲು ಉಳಿಸಿ'. ಅತಿಥಿಗಳ ಮುಂದೆ ತಲಾ ಒಂದು ನೀರಿನ ಬಾಟಲಿ, ಅರ್ಧ ಕುಡಿದದ್ದು.

ನವೆಂಬರಿನಲ್ಲಿ ರಾಜ್ಯೋತ್ಸವ, ಅದೂ ನೇತ್ರಾಣಿಯ ನೀರಿನಡಿಯಲ್ಲಿ. ಬಾವುಟ ಹಿಡಿಯಲು ಇಬ್ಬರು, ವಿಡಿಯೊಗೆ ನಾಲ್ವರು. ನಾಡಗೀತೆ ಹಾಡಲು ಬಾಯಿ ಖಾಲಿಯಿಲ್ಲದ್ದರಿಂದ ದನಿಯನ್ನು ಬೆಂಗಳೂರಿಗೆ ಬಂದು ಸೇರಿಸಲಾಯಿತು. ಆ ವಿಡಿಯೊ ಚೆಂದ ಬಂದಿದೆ. ಹವಳದ ಮೇಲೆ ಯಾರು ಕಾಲೂರಿ ನಿಂತು ಬಾವುಟ ಎತ್ತಿದರೋ ಆ ಭಾಗವನ್ನು ಮಾತ್ರ ಕತ್ತರಿಸಿದ್ದಾರೆ. ಹಿಂದೆ ನೌಕಾಪಡೆ ಈ ದ್ವೀಪಕ್ಕೆ ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡುತ್ತಿತ್ತು. ಅದನ್ನು ತಾಳಿಕೊಂಡ ಹವಳಕ್ಕೆ ಈಗ ಅಭಿಮಾನಿಗಳ ಫಿನ್ನುಗಳನ್ನು ತಾಳಿಕೊಳ್ಳುವ ಸರದಿ. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಗಾಗಿ ಇಲ್ಲಿ ನೀರಿಗಿಳಿದದ್ದನ್ನು 2022ರಲ್ಲಿ ತೆರೆಯ ಮೇಲೆ ಕಂಡ ನಂತರ ಸದಸ್ಯತ್ವದ ಅರ್ಜಿಗಳು ಏರಿದವು. ಅವರು ನೋಡಲು ಹೋದದ್ದು ಕಡಲನ್ನು, ನಮ್ಮವರು ಹೋಗುವುದು ಅವರು ಹೋಗಿದ್ದ ಜಾಗವನ್ನು ನೋಡಲು, ಅದರ ಮುಂದೆ ತಮ್ಮನ್ನು ನಿಲ್ಲಿಸಿಕೊಳ್ಳಲು.

ಪ್ರವಾಸದ ಮುಖ್ಯ ಅಂಗ ಶುಕ್ರವಾರದ ಬಸ್ಸು. ಡೈವಿಂಗಿನ ಹಿಂದಿನ ರಾತ್ರಿ ಕುಡಿಯಬಾರದು ಎಂಬ ನಿಯಮವನ್ನು ತುಮಕೂರಿನವರೆಗೆ ಪಾಲಿಸಲಾಗುತ್ತದೆ. ಆಮೇಲೆ ಅಂತ್ಯಾಕ್ಷರಿ. ಬೆಳಿಗ್ಗೆ ದೋಣಿ ಹೊರಟು ಅರ್ಧ ಗಂಟೆಗೆಲ್ಲ ಅಂತ್ಯಾಕ್ಷರಿಯ ಎರಡೂ ತಂಡಗಳು ಒಂದೇ ಬದಿಯ ಕಂಬಿ ಹಿಡಿದು ಕಡಲಿಗೆ ಬಾಗಿರುತ್ತವೆ. ನೀರೊಳಗೆ ಗಿಣಿಮೀನು ಕಂಡು ಕೈಮುಗಿದವರು ಮಧ್ಯಾಹ್ನ ಅಂಜಲ್ ತವಾ ಫ್ರೈಗೆ ಸರದಿ ನಿಲ್ಲುತ್ತಾರೆ. ಸಂಜೆ ಅದೇ ಬಸ್ಸು ಘಟ್ಟ ಹತ್ತುತ್ತದೆ.

ಇಲ್ಲಿ ಒಂದು ಮಾತು. ಒಂದೇ ಡೈವ್ ಮಾಡಿದ್ದರೆ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ ವಿಮಾನ ಹತ್ತಬೇಡಿ ಎನ್ನುತ್ತಾರೆ ಬಲ್ಲವರು. ಮೈಯಲ್ಲಿ ಕರಗಿ ಕೂತ ನೈಟ್ರೋಜನ್ ಎತ್ತರದ ತೆಳು ಗಾಳಿಯಲ್ಲಿ ಗುಳ್ಳೆಯಾಗಿ ಕೀಲು, ನರಗಳಿಗೆ ಅಡರೀತು ಎಂಬ ಕಾರಣಕ್ಕೆ. 600 ಮೀಟರ್ ದಾಟಿದ ಎತ್ತರಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ನಮ್ಮೂರು ಅದಕ್ಕಿಂತಲೂ ಮೇಲಿದೆ. ನೀವು ವಿಮಾನದಲ್ಲಿ ಏರಿದಿರೋ ಸ್ಲೀಪರ್ ಕೋಚಿನಲ್ಲಿ ಏರಿದಿರೋ ಎಂದು ನೈಟ್ರೋಜನ್ ಟಿಕೆಟ್ ಕೇಳುವುದಿಲ್ಲ. ಜಂಟಿ ಕಾರ್ಯದರ್ಶಿ ಇದನ್ನು ಸಭೆಯಲ್ಲಿ ಎತ್ತಿದಳು. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿಯೋಣ ಎಂದಳು. ಟೀ ಶರ್ಟಿನ ಬಣ್ಣ ಕಡುನೀಲಿಯೋ ತಿಳಿನೀಲಿಯೋ ಎಂದು ಎರಡು ಗಂಟೆ ಕಾದಾಡಿದ್ದ ಸಭೆ ಇದನ್ನು ಎರಡು ನಿಮಿಷದಲ್ಲಿ ಮುಗಿಸಿತು. ಸೋಮವಾರ ಆಫೀಸಿದೆ.

ಸಂಘಕ್ಕೆ ಸೇರದ ಒಂದು ವರ್ಗವೂ ಕಡಲಲ್ಲಿದೆ. ಬಂಡೆಯಿಂದ ಪಚ್ಚಿಲೆ ಕೀಳಲು ಬರೀ ಉಸಿರು ಬಿಗಿಹಿಡಿದು ಮುಳುಗುವವರು. ಹೊಳೆಯಲ್ಲಿ ಯಾರಾದರೂ ಕೊಚ್ಚಿಹೋದಾಗ ಪೊಲೀಸರು ಫೋನ್ ಮಾಡಿ ಕರೆಸುವವರು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಕೆಂಪು ನೀರಿಗೆ ಇಳಿದವರಲ್ಲಿ ಕರಾವಳಿಯ ಇಂಥ ಮುಳುಗುಗಾರರೂ ಇದ್ದರು. ಆ ನೀರಿನಲ್ಲಿ ತನ್ನ ಕೈ ತನಗೇ ಕಾಣುವುದಿಲ್ಲ, ಫೋಟೊ ಬರುವುದಿಲ್ಲ. ಅವರಿಗೆ ಟೀ ಶರ್ಟಿಲ್ಲ.

ನೇತ್ರಾಣಿಯಲ್ಲಿ ನಮ್ಮ ಟ್ಯಾಂಕಿನ ಕುತ್ತಿಗೆ ಹಿಡಿದುಕೊಂಡು ಈಜುವ ಹುಡುಗನೂ ಆ ಕಡೆಯವನೇ. ಸೊಂಟಕ್ಕೆ ಸೀಸ ಕಟ್ಟುವವನು, ಮಾಸ್ಕಿಗೆ ಉಗುಳಿ ಉಜ್ಜಿಕೊಡುವವನು, "ಹೆದ್ರಬೇಡಿ ಮಾರಾಯ್ರೆ, ಸುಮ್ನೆ ಉಸ್ರಾಡ್ತಾ ಇರಿ" ಎಂದು ಅಧ್ಯಕ್ಷರನ್ನು ನೀರಿಗಿಳಿಸಿ, ಎಣಿಸಿ ವಾಪಸು ಕೊಡುವವನು. ಸಂಘದ ಸ್ಮರಣ ಸಂಚಿಕೆಯ ಮುಖಪುಟದಲ್ಲಿ ಅಧ್ಯಕ್ಷರು ಒಬ್ಬರೇ ಕಡಲಾಳದಲ್ಲಿ ತೇಲುತ್ತಿದ್ದಾರೆ. ಅವರ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಉಳಿದುಬಿಟ್ಟಿವೆ. ಫೋಟೊ ಕತ್ತರಿಸಿದವರಿಗೆ ಅಷ್ಟು ನಾಜೂಕು ಸಾಲದು. ಅವನಿಗೊಂದು ಸನ್ಮಾನ ಮಾಡೋಣವೆಂದು ಠರಾವು ಆಯಿತು. ಸೀಸನ್ ಭಾನುವಾರ, ಅವನು ಇನ್ನೊಂದು ಸಂಘದವರನ್ನು ನೀರಿಗಿಳಿಸುತ್ತಿದ್ದ, ಬರಲಾಗಲಿಲ್ಲ. ಕೊಂಡ ಶಾಲು ಯಾರ ಹೆಗಲಿಗಾದರೂ ಬೀಳಲೇಬೇಕಲ್ಲ. ಫ್ಲೆಕ್ಸ್ ಮುದ್ರಕರಿಗೆ ಹೊದಿಸಿದರು.

ಮೊನ್ನೆ ಸರ್ವಸದಸ್ಯರ ಸಭೆ ನಡೆಯಿತು. ಖಜಾಂಚಿಯವರು ಲೆಕ್ಕ ಮಂಡಿಸಿದರು. ಊಟ, ಶಾಲು, ಸಂಚಿಕೆ ಎಲ್ಲವೂ ಸರಿದೂಗಿದೆ. ದೋಣಿ, ಗಾಳಿ, ವಾಂತಿ ಮಾತ್ರೆ, ವೆಟ್‌ಸೂಟ್ ಬಾಡಿಗೆ, ಬಂದ ಜಗಳ, ಬಿಟ್ಟುಹೋದ ಸದಸ್ಯರು, ಎಲ್ಲ ಬಾಬ್ತಿನ ನಷ್ಟವೂ ಡೈವಿಂಗ್ ಎಂಬ ಒಂದೇ ಕಲಮಿನಿಂದ. ಸಂಘದ ಹಿತದೃಷ್ಟಿಯಿಂದ ಮುಂದಿನ ಸಾಲಿನಲ್ಲಿ ಆ ಚಟುವಟಿಕೆಯನ್ನು ಕೈಬಿಡಬೇಕೆಂದು ಅವರು ಸೂಚಿಸಿದರು. ಅನುಮೋದನೆಗೆ ಹೆಬ್ಬೆರಳುಗಳು ಎದ್ದವು. ಜಂಟಿ ಕಾರ್ಯದರ್ಶಿಯೊಬ್ಬಳೇ ಎದ್ದು ನಿಂತು, ಹಾಗಾದರೆ ಸ್ಕೂಬಾ ಸಂಘ ಎಂಬ ಹೆಸರನ್ನು ಏನು ಮಾಡುವುದು ಸಾರ್ ಎಂದು ಕೇಳಿದಳು.

"ಹೆಸರು ಇರ್ಲಿ ಕಣಮ್ಮ," ಎಂದರು ಅಧ್ಯಕ್ಷರು. "ಲೆಟರ್‌ಹೆಡ್ ಆಗ್ಲೇ ಅಚ್ಚಾಗಿದೆ."